ಪ್ರಸಾರ ಸಂಖ್ಯೆಯೇ ಚರಿತ್ರೆಯಲ್ಲ

ಕನ್ನಡ ಪತ್ರಿಕೆಗಳ ಚರಿತ್ರೆ ಬರೆಯುವುದು ನಮ್ಮಲ್ಲಿ ಬಲು ಸುಲಭ. 1843ರಲ್ಲಿ ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ ತಂದರು, 1948ರಲ್ಲಿ ‘ಪ್ರಜಾವಾಣಿ’ ಬಂತು, 1970ರ ಜನವರಿಯಲ್ಲಿ ಮಣಿಪಾಲದಿಂದ ‘ಉದಯವಾಣಿ’ ಹೊರಟಿತು. ಜೊತೆಗೆ ಸ್ಥಾಪಕರ ಹೆಸರು, ಸಂಪಾದಕರ ಪಟ್ಟಿ, ಪ್ರಸಾರ ಸಂಖ್ಯೆ. ಅಲ್ಲಿಗೆ ಅಧ್ಯಾಯ ಮುಗಿಯಿತು. ಇದು ಚರಿತ್ರೆಯಲ್ಲ, ಬಿನ್ನವತ್ತಳೆ ಎಂಬುದು ನನ್ನ ತಕರಾರು.

‘ಉದಯವಾಣಿ’ಯನ್ನೇ ತೆಗೆದುಕೊಳ್ಳಿ. ರಾಜಧಾನಿಯಿಂದ ದೂರ, ಘಟ್ಟದ ಕೆಳಗೆ ಹುಟ್ಟಿದ ಈ ಪತ್ರಿಕೆ ಬೆಳೆದದ್ದು ಊರಿನ ಸುದ್ದಿಯಿಂದ. ಅದರ ‘ಕುಗ್ರಾಮ ಗುರುತಿಸಿ’ ಅಭಿಯಾನ ಯಾರ ಕಣ್ಣಿಗೂ ಬೀಳದ ಹಳ್ಳಿಗಳನ್ನು ಅಚ್ಚಿಗೆ ತಂದಿತು. ಇಂದು ಯಾವ ಮೇಳದ ಆಟ ಎಲ್ಲಿ, ಯಾರು ತೀರಿಕೊಂಡರು, ಯಾವ ಹೊಳೆಗೆ ಸೇತುವೆ ಬೇಕು ಎಂಬುದೆಲ್ಲ ಅಲ್ಲಿತ್ತು. 1974ರ ಭೂಸುಧಾರಣೆ ಕಾಯ್ದೆ ತಿದ್ದುಪಡಿಯಾಗಿ ಗೇಣಿದಾರರು ಡಿಕ್ಲರೇಶನ್ ಕೊಡಲು ಹೊರಟಾಗ ಕರಾವಳಿಯ ಊರುಗಳಲ್ಲಿ ಏನೇನಾಯಿತು? ಸರಕಾರಿ ಕಡತ ತೀರ್ಪನ್ನಷ್ಟೇ ಹೇಳುತ್ತದೆ. ಊರಿನ ಮಾತಿಗೆ ಅಂದಿನ ಪತ್ರಿಕೆಯನ್ನೇ ತೆರೆಯಬೇಕು.

ಆದರೆ ತೆರೆಯುವುದೆಲ್ಲಿ? ಸಂಶೋಧನೆಗೆಂದು ನಾನು ಹೋದ ಒಂದು ಗ್ರಂಥಾಲಯದಲ್ಲಿ ಹಳೆಯ ಸಂಪುಟಗಳು ರದ್ದಿಗೆ ಹೋಗಿದ್ದವು. “ಜಾಗ ಇಲ್ಲ ಮಾರಾಯ್ರೆ” ಎಂದರು. ಅವರನ್ನು ಬಯ್ಯುವುದರಲ್ಲಿ ಅರ್ಥವಿಲ್ಲ. ಉಳಿಸಿಕೊಳ್ಳಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಕಾಯ್ದೆ ಇಲ್ಲವೆಂದಲ್ಲ. ಪುಸ್ತಕಗಳನ್ನು ಗ್ರಂಥಾಲಯಗಳಿಗೆ ಕಳಿಸಬೇಕೆಂಬ 1954ರ ಕೇಂದ್ರ ಕಾಯ್ದೆಗೆ 1956ರಲ್ಲಿ ಪತ್ರಿಕೆಗಳೂ ಸೇರಿದವು. ಆ ಕಾಯ್ದೆಯ ಗ್ರಂಥಾಲಯಗಳಿರುವುದು ಕೋಲ್ಕತ್ತ, ಚೆನ್ನೈ, ಮುಂಬೈ, ದೆಹಲಿಗಳಲ್ಲಿ. ಕುಂದಾಪುರದ ಸುದ್ದಿ ಓದಲು ಕೋಲ್ಕತ್ತಕ್ಕೆ ಹೋಗಬೇಕೆ?

ಇನ್ನೊಂದು ತೊಡಕು ಬೆಳವಣಿಗೆಯದ್ದೇ. ಆವೃತ್ತಿಗಳು ಹೆಚ್ಚಿದಂತೆ ಸ್ಥಳೀಯ ಪುಟಗಳು ಬೇರೆಬೇರೆಯಾದವು. ಬೆಂಗಳೂರು ಆವೃತ್ತಿಯನ್ನು ಜೋಪಾನವಾಗಿ ಕಟ್ಟಿಟ್ಟರೂ ಮಣಿಪಾಲ ಆವೃತ್ತಿಯ ಊರಿನ ಪುಟ ಅದರಲ್ಲಿರುವುದಿಲ್ಲ. ಪತ್ರಿಕೆ ಹರಡಿದಷ್ಟೂ ಅದರ ನೆನಪು ಚದುರುತ್ತದೆ. ಇ-ಪೇಪರ್ ಇದೆಯಲ್ಲ ಎನ್ನುವವರಿದ್ದಾರೆ. ಅದು ಇಂಟರ್‌ನೆಟ್ ಬಂದ ಮೇಲಿನ ಮಾತು. ಎಪ್ಪತ್ತರ ದಶಕ ಅದರೊಳಗೆ ತಾನಾಗಿ ಬಂದು ಕೂರುವುದಿಲ್ಲ.

ಪತ್ರಿಕೆಗಳು ತಮ್ಮ ಹಳೆಯ ಸಂಪುಟಗಳನ್ನು ಸಂಶೋಧಕರಿಗೆ ತೆರೆದಿಡಲಿ. ಮಾಧ್ಯಮ ಅಕಾಡೆಮಿ ಮತ್ತು ವಿಶ್ವವಿದ್ಯಾಲಯಗಳು ಅವನ್ನು ಆವೃತ್ತಿವಾರು ಸ್ಕ್ಯಾನ್ ಮಾಡಿಸಲಿ. ಸುವರ್ಣ ಮಹೋತ್ಸವದ ವಿಶೇಷಾಂಕ ಆಮೇಲೆ ಬಂದರೂ ನಡೆಯುತ್ತದೆ. ರದ್ದಿಗೆ ಹೋದ ಸಂಪುಟ ಮರಳಿ ಬರುವುದಿಲ್ಲ.