ಪ್ರಭಾರ ಸಾಕು, ಬಡ್ತಿ ಕೊಡಿ



ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಶುಶ್ರೂಷಕಿಯಾಗಿ 22 ವರ್ಷ ದುಡಿದಿದ್ದೇನೆ. ಇನ್‌ಚಾರ್ಜ್ ಸಿಸ್ಟರ್ ರಜೆ ಹಾಕಿದಾಗಲೆಲ್ಲ ಔಷಧ ಬೀರುವಿನ ಬೀಗದ ಕೈ, ಇಂಡೆಂಟ್ ಪುಸ್ತಕ, ಡ್ಯೂಟಿ ಪಟ್ಟಿ ನನ್ನ ಕೈಗೇ ಬರುತ್ತವೆ. ಕೋವಿಡ್ ಕಾಲದ ರಾತ್ರಿ ಪಾಳಿಗಳಲ್ಲಿ ಆಮ್ಲಜನಕ ಸಿಲಿಂಡರಿನ ಮುಳ್ಳು ಇಳಿಯುವುದನ್ನು ಕಾಯುತ್ತಾ ವಾರ್ಡು ನಡೆಸಿದವರೂ ನಾವೇ. ಆದರೆ ಮೇಲಿನ ಹುದ್ದೆ ಖಾಲಿಯಾದಾಗ ನನಗೆ ಸಿಕ್ಕಿದ್ದು ಎರಡು ಸಲವೂ ‘ಪ್ರಭಾರ’ ಮಾತ್ರ.

ಈ ಸಲ ಬಡ್ತಿಗೆ ನಾನೇ ಅರ್ಜಿ ಬರೆದು ಕೊಟ್ಟೆ. ‘ನೋಡೋಣ ಸಿಸ್ಟರ್’ ಎಂದರು ಮೇಲಧಿಕಾರಿಗಳು. ಕೇಳುವುದಕ್ಕೆ ಇಷ್ಟು ವರ್ಷ ಸಂಕೋಚಪಟ್ಟಿದ್ದೇ ತಪ್ಪಾಯಿತೇನೋ.

ಮೇ 12ರ ದಾದಿಯರ ದಿನದಂದು ಫ್ಲಾರೆನ್ಸ್ ನೈಟಿಂಗೇಲ್ ಚಿತ್ರಕ್ಕೆ ಹೂವಿಟ್ಟು ಸೇವೆಯನ್ನು ಹೊಗಳುತ್ತಾರೆ. 1854ರಲ್ಲಿ ಆಕೆ ಯುದ್ಧಾಸ್ಪತ್ರೆಗೆ ಹೋದದ್ದು ದಾದಿಯರ ತಂಡದ ಮುಖ್ಯಸ್ಥೆಯಾಗಿ. ಅದನ್ನೂ ನೆನೆಯಲಿ. ಜ್ಯೇಷ್ಠತಾ ಪಟ್ಟಿಯನ್ನು ಪ್ರತಿ ವರ್ಷ ಸೂಚನಾ ಫಲಕಕ್ಕೆ ಹಾಕಲಿ, ಯಾರ ಸರದಿಯೆಂದು ನಾವೂ ಓದಿಕೊಳ್ಳುತ್ತೇವೆ.

– ಒಬ್ಬ ಶುಶ್ರೂಷಕಿ