ಬಂಜರು ಅಂತ ಬರೆಯೋರು ಯಾರು?

ಮಾಧವ ಗಾಡ್ಗೀಳ್ ಅಂದರೆ ಮಲೆನಾಡಿನ ವರದಿ, ನಮಗೇನು ಸಂಬಂಧ ಅಂತ ಬಯಲುಸೀಮೆ ರೈತರು ಸುಮ್ಮನಿರೋದು ಸರಿಯಲ್ಲ.

1983ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪರಿಸರ ವಿಜ್ಞಾನ ಕೇಂದ್ರ ಕಟ್ಟಿದವರು ಅವರು. ಅವರ ಸಮಿತಿ ಪಶ್ಚಿಮಘಟ್ಟದ ನಕ್ಷೆಯನ್ನು ಸುಮಾರು 9 ಕಿ.ಮೀ. ಅಗಲದ ಚೌಕಗಳಾಗಿ ಹಂಚಿ, ಸೂಕ್ಷ್ಮತೆ ನೋಡಿ ಮೂರು ದರ್ಜೆ ಮಾಡಿ, 2011ರಲ್ಲಿ ವರದಿ ಕೊಟ್ಟಿತು. ಗ್ರಾಮಸಭೆಗಳನ್ನು ಕೇಳಿಯೇ ಮುಂದುವರಿಯಬೇಕು ಅಂತಲೂ ಹೇಳಿತು. ಯಾಕೆಂದರೆ ಅಂಥ ಒಂದು ಚೌಕದೊಳಗೆ ಏನೇನಿದೆ ಅಂತ ಗೊತ್ತಿರೋದು ಅಲ್ಲಿ ಬಾಳುವವರಿಗೆ. ಊರಿನ ಜೀವವೈವಿಧ್ಯ ದಾಖಲಾತಿಯನ್ನು ಜನರೇ ಬರೆಯಬೇಕು ಅಂತ ಅವರು ಹೇಳುತ್ತಾ ಬಂದದ್ದೂ ಇದಕ್ಕೇ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯ್ತಿಯಲ್ಲೂ ಇದಕ್ಕೊಂದು ಸಮಿತಿ ಇರಬೇಕು.

ನಮ್ಮ ಕಡೆಯ ಹುಲ್ಲುಗಾವಲು ಎಷ್ಟೋ ಕಡೆ ಕಾಗದದಲ್ಲಿ ಬರೀ ಬಂಜರು. ಬಂಜರು ಅಂದಮೇಲೆ ಇನ್ನೊಬ್ಬರಿಗೆ ಕೊಡೋದು ಸುಲಭ. ಅಲ್ಲಿ ಕುರಿ ಮೇಯೋ ಹುಲ್ಲು ಎಷ್ಟು ಜಾತಿ, ತೋಳ, ನರಿ, ಕೌಜುಗ ಎಲ್ಲಿ, ಅಕ್ಕಡಿ ಸಾಲಿನಲ್ಲಿ ಯಾವ ತಳಿ ಉಳಿದಿದೆ? ಕುರಿಗಾಹಿಗಳನ್ನು, ಬೀಜ ಕಟ್ಟಿಡುವ ಹೆಣ್ಣುಮಕ್ಕಳನ್ನು ಕೇಳದೆ ಇದನ್ನು ಯಾರೂ ಬರೆಯಲಾರರು.

ಮುಂದಿನ ಗ್ರಾಮಸಭೆಯಲ್ಲಿ ಆ ದಾಖಲಾತಿ ಪುಸ್ತಕ ತರಿಸಿ ಓದಿಸಿ. ಬಿಟ್ಟುಹೋದದ್ದನ್ನು ಸೇರಿಸಿ. ಬರೆಯದೇ ಉಳಿದದ್ದು ಕಚೇರಿ ಲೆಕ್ಕದಲ್ಲಿ ಇಲ್ಲವೇ ಇಲ್ಲ.