ಒಂದು ಹೆಸರು, ಹತ್ತು ಬಾಗಿಲು

ಹುನಗುಂದದ ಪ್ರೌಢಶಾಲೆಯಲ್ಲಿದ್ದಾಗ ದಾಖಲಾತಿ ರಜಿಸ್ಟರು ಬರೆಯುವ ಕೆಲಸ ಬಹಳ ವರ್ಷ ನನ್ನ ಪಾಲಿಗೇ ಬಂದಿತ್ತು. ಜೂನ್ ತಿಂಗಳಲ್ಲಿ ಹುಡುಗನೊಬ್ಬ ತಂದೆಯ ಕೈಹಿಡಿದು ಬಂದು ನಿಂತರೆ ಹೆಸರು, ಜನ್ಮದಿನಾಂಕ, ಊರು ಬರೆದುಕೊಂಡು ಒಂದು ಸಂಖ್ಯೆ ಕೊಡುತ್ತಿದ್ದೆ. ಗ್ರಂಥಾಲಯಕ್ಕೂ, ವಿದ್ಯಾರ್ಥಿವೇತನಕ್ಕೂ, ಕೊನೆಗೆ ವರ್ಗಾವಣೆ ಪತ್ರಕ್ಕೂ ಅದೇ ಸಂಖ್ಯೆ. ನೀನು ಯಾರು ಎಂದು ಆ ಹುಡುಗನನ್ನು ಪ್ರತಿ ಕೋಣೆಯ ಬಾಗಿಲಲ್ಲೂ ಯಾರೂ ಕೇಳುತ್ತಿರಲಿಲ್ಲ.

ನಿವೃತ್ತನಾದ ಮೇಲೆ ನನ್ನನ್ನು ಎಲ್ಲ ಬಾಗಿಲಲ್ಲೂ ಕೇಳುತ್ತಿದ್ದಾರೆ! ಪ್ರಮಾಣಪತ್ರಗಳಿಗೆ ಸೇವಾ ಸಿಂಧು, ಮೊಮ್ಮಗಳ ವಿದ್ಯಾರ್ಥಿವೇತನಕ್ಕೆ ರಾಜ್ಯದ ತಾಣವೊಂದು, ಕೇಂದ್ರದ ವೇತನವಾದರೆ ಇನ್ನೊಂದು, ಹೊಲದ ಸವಲತ್ತುಗಳಿಗೆ ಫ್ರೂಟ್ಸ್ ತಂತ್ರಾಂಶದ ರೈತ ಗುರುತಿನ ಸಂಖ್ಯೆ. ಇವುಗಳ ಗುಪ್ತಪದಗಳನ್ನೆಲ್ಲ ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದೇನೆ. ಗುಪ್ತಪದವನ್ನು ಬರೆದಿಡಬಾರದೆಂದು ತಿಳಿದವರು ಹೇಳುತ್ತಾರೆ. ಅವರಿಗೆ ಅರುವತ್ತು ದಾಟಿಲ್ಲ.

ಎಲ್ಲ ಸರ್ಕಾರಿ ತಾಣಗಳಿಗೂ ಒಂದೇ ನೋಂದಣಿ ಸಾಕಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಇದು ಅಸಾಧ್ಯದ ಮಾತೂ ಅಲ್ಲ. ಡಿಜಿಲಾಕರ್, ಇ-ಪ್ರಮಾಣ್, ಜನ್ ಪರಿಚಯ್ ಎಂಬ ಮೂರು ವ್ಯವಸ್ಥೆಗಳನ್ನು ಕೂಡಿಸಿ ಕೇಂದ್ರ ಸರ್ಕಾರವು 2022ರ ಜುಲೈಯಲ್ಲಿ 'ಮೇರಿ ಪೆಹಚಾನ್' ಎಂಬ ಏಕಪ್ರವೇಶದ ಏರ್ಪಾಟನ್ನು ಆರಂಭಿಸಿತು. ಇದರಲ್ಲಿ ನಾವು ಒಂದೇ ಬಾಗಿಲಲ್ಲಿ ಗುರುತು ತೋರಿಸುತ್ತೇವೆ. ಆ ಬಾಗಿಲು ಉಳಿದ ತಾಣಗಳಿಗೆ 'ಇವರು ಇಂಥವರು' ಎಂದು ಮುದ್ರೆಯೊತ್ತಿದ ಚೀಟಿಯನ್ನಷ್ಟೇ ಕಳಿಸುತ್ತದೆ. ನಮ್ಮ ಗುಪ್ತಪದ ಅಲ್ಲಿಗೆ ಹೋಗುವುದೇ ಇಲ್ಲ. ಇಳಕಲ್ ಸೀರೆಯನ್ನು ನೇಯುವುದನ್ನು ಕಂಡವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಅಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಕೂಡಿದ ಮೇಲೂ ಒಡಲು ಒಡಲೇ, ಸೆರಗು ಸೆರಗೇ. ಇಲಾಖೆಗಳೂ ಹೀಗೆಯೇ ಕೂಡಬೇಕು. ನನ್ನ ಹೊಲದ ವಿವರ ವಿದ್ಯಾರ್ಥಿವೇತನದ ಗುಮಾಸ್ತರಿಗೆ ಏಕೆ?

ಆದರೆ ಬಾಗಿಲು ಒಂದಾದರೆ ಸಾಲದು. ಪುಟದ ನೆತ್ತಿಯ ಮೇಲಿನ ಪಟ್ಟಿಯೂ, ಅಂದರೆ ಟೂಲ್‌ಬಾರೂ, ಎಲ್ಲ ತಾಣಗಳಲ್ಲಿ ಒಂದೇ ಆಗಿರಬೇಕು. ಇದನ್ನು ನಾನು ಪೆಟ್ಟು ತಿಂದು ಕಲಿತೆ.

ಕಳೆದ ವರ್ಷ ಬಾಗಲಕೋಟೆಯ ನವನಗರದ ಒಂದು ಸೇವಾ ಕೇಂದ್ರದಲ್ಲಿ ಕುಳಿತು ಒಂದು ತಾಣಕ್ಕೆ ನನ್ನ ಹೆಸರಿನಲ್ಲೇ ಪ್ರವೇಶಿಸಿದೆ. ಮೇಲಿನ ಪಟ್ಟಿಯಲ್ಲಿ ನನ್ನ ಹೆಸರು ಕಂಡಿತು. ಅಲ್ಲಿಂದ ಅದಕ್ಕೆ ಸಂಬಂಧಿಸಿದ ಇನ್ನೊಂದು ತಾಣಕ್ಕೆ ದಾಟಿದೆ. ಅಲ್ಲಿಯ ಪಟ್ಟಿಯಲ್ಲಿ ಹೆಸರೇ ಇಲ್ಲ, ಇಂಗ್ಲಿಷಿನ ನಾಲ್ಕು ಗುಂಡಿಗಳು ಮಾತ್ರ. ಅರ್ಧ ತಾಸು ಅರ್ಜಿ ತುಂಬಿ ಕೊನೆಯ ಪುಟಕ್ಕೆ ಬಂದಾಗ ಅರ್ಜಿದಾರರ ಹೆಸರಿದ್ದಲ್ಲಿ ಯಾರೋ ಅಪರಿಚಿತ ಮಹನೀಯರು! ನನಗಿಂತ ಮುಂಚೆ ಕುಳಿತವರು ಮೊದಲ ತಾಣದಿಂದ ಹೊರಬಂದಿದ್ದರು, ಎರಡನೆಯದರಲ್ಲಿ ಅವರ ಪ್ರವೇಶ ಹಾಗೆಯೇ ತೆರೆದಿತ್ತು. ಒಂದೆಡೆ ಒಳಹೋದರೆ ಎಲ್ಲೆಡೆ ಒಳಹೋದಂತೆ ಎಂದಮೇಲೆ, ಒಂದೆಡೆ ಹೊರಬಂದರೆ ಎಲ್ಲೆಡೆ ಹೊರಬಂದಂತೆಯೂ ಆಗಬೇಡವೇ? ಮನೆಮನೆಯಲ್ಲಿ ಗಣಕಯಂತ್ರವಿರುವ ಊರಿನವರಿಗೆ ಇದು ಹೊಳೆಯಲಿಕ್ಕಿಲ್ಲ. ನಮ್ಮಲ್ಲಿ ಒಂದು ಕುರ್ಚಿಗೆ ದಿನಕ್ಕೆ ಹಲವಾರು ಜನ.

ಭಾರತ ಸರ್ಕಾರವು ತನ್ನ ತಾಣಗಳು ಹೇಗಿರಬೇಕೆಂದು 2009ರಲ್ಲಿಯೇ ಮಾರ್ಗಸೂಚಿ ಹೊರಡಿಸಿದೆ. ಅದರ ಮೂರನೆಯ ಆವೃತ್ತಿಯೂ 2023ರಲ್ಲಿ ಬಂದಿದೆ. ನಾನು ಕೇಳುವುದು ಅಲ್ಪ. ನಾನು ಯಾರೆಂದು ಪಟ್ಟಿಯ ಒಂದೇ ಮೂಲೆಯಲ್ಲಿ ಕನ್ನಡದಲ್ಲಿ ಬರೆದಿರಲಿ, ಪಕ್ಕದಲ್ಲಿ 'ಹೊರಗೆ' ಎಂಬ ಗುಂಡಿ ಇರಲಿ. ಒಮ್ಮೆ ಕನ್ನಡ ಆರಿಸಿಕೊಂಡವನಿಗೆ ಮುಂದಿನ ತಾಣವೂ ಕನ್ನಡದಲ್ಲಿಯೇ ತೆರೆಯಲಿ.

ಒಂದೇ ಕೀಲಿಕೈ ಕಳೆದುಹೋದರೆ ಎಲ್ಲ ಬಾಗಿಲೂ ಮುಚ್ಚಿದಂತೆಯೇ ಎಂದು ನನ್ನ ಹಳೆಯ ಸಹೋದ್ಯೋಗಿಯೊಬ್ಬರು ವಾದಿಸುತ್ತಾರೆ. ಬಾದಾಮಿಯವರು, ಗಣಿತದ ಮೇಷ್ಟ್ರು. ಅವರ ಮಾತನ್ನು ನಾನು ತಳ್ಳಿಹಾಕಲಾರೆ, ಏಕೆಂದರೆ ಇಳಕಲ್ಲಿನಲ್ಲಿ ಅದನ್ನು ಕಣ್ಣಾರೆ ಕಂಡಿದ್ದೇನೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಅಲ್ಲಿ ಮಗ್ಗದ ಕೆಲಸ ಮಾಡುತ್ತಾಳೆ. ಗಂಡ ತೀರಿಕೊಂಡಿದ್ದಾನೆ. ಸ್ವಂತ ಮೊಬೈಲ್ ಇಲ್ಲದ ಕಾಲದಲ್ಲಿ ಅರ್ಜಿ ತುಂಬಿಕೊಟ್ಟ ಹುಡುಗ ತನ್ನದೇ ಸಂಖ್ಯೆಯನ್ನು ಆಕೆಯ ಹೆಸರಿಗೆ ಹಾಕಿಬಿಟ್ಟಿದ್ದ. ಆತ ಅಂಗಡಿ ಮುಚ್ಚಿ ಊರು ಬಿಟ್ಟು ಹೋದ. ಈಗ ಒಳಹೋಗಬೇಕೆಂದಾಗಲೆಲ್ಲ ಆರು ಅಂಕಿಯ ಸಂದೇಶ ಎಲ್ಲಿಗೋ ಹೋಗುತ್ತದೆ. "ಸರ, ನನ್ನ ಹೆಸರಿನ ಬಾಗಿಲಕ ಯಾರದೋ ಕೀಲಿ ಐತ್ರಿ," ಎಂದಳು. ಬಳಸದೆ ಬಿಟ್ಟ ಮೊಬೈಲ್ ಸಂಖ್ಯೆ ಕೆಲವು ತಿಂಗಳಲ್ಲಿ ಬೇರೊಬ್ಬರ ಪಾಲಾಗುವುದೂ ಉಂಟು.

ಆದ್ದರಿಂದ ಕಳೆದ ಕೀಲಿಯನ್ನು ಮರಳಿ ಪಡೆಯುವ ದಾರಿ ಮೊಬೈಲಿನ ಹೊರಗೂ ಇರಬೇಕು. ನಾಡಕಚೇರಿಯಲ್ಲಿ ಒಬ್ಬ ಅಧಿಕಾರಿ ಮುಖ ನೋಡಿ, ಕಾಗದ ನೋಡಿ, ಅಂದೇ ಸಂಖ್ಯೆ ಬದಲಿಸಿಕೊಡುವಂತಾಗಬೇಕು. ಕಾಗದ ನೋಡುವವರಿಗೆ ನಮ್ಮ ಜಿಲ್ಲೆಯ ಇತಿಹಾಸವೂ ತುಸು ಗೊತ್ತಿರಲಿ. 1997ರವರೆಗೆ ನಾವೆಲ್ಲ ಬಿಜಾಪುರ ಜಿಲ್ಲೆಯವರು. ಇಳಕಲ್ 2018ರವರೆಗೆ ಹುನಗುಂದ ತಾಲ್ಲೂಕಿನಲ್ಲಿತ್ತು, ಗುಳೇದಗುಡ್ಡ ಬಾದಾಮಿ ತಾಲ್ಲೂಕಿನಲ್ಲಿತ್ತು. ಹಳೆಯ ಬಾಗಲಕೋಟೆಯ ಎಷ್ಟೋ ಮನೆಗಳು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿ, ಆ ಮನೆಯವರ ವಿಳಾಸ ನವನಗರದ ಸೆಕ್ಟರ್ ಸಂಖ್ಯೆಯಾಗಿದೆ. ಮನುಷ್ಯ ಕೂತಲ್ಲೇ ಕೂತಿದ್ದರೂ ಕಾಗದದಲ್ಲಿ ಅವನ ತಾಲ್ಲೂಕು, ಜಿಲ್ಲೆ ಎರಡೂ ಬದಲಾಗಿವೆ. ಅಕ್ಷರಕ್ಕೆ ಅಕ್ಷರ ಹೊಂದಿಸಿ ನೋಡುವ ಯಂತ್ರಕ್ಕೆ ಇವರು ಇಬ್ಬರು ಬೇರೆ ಬೇರೆ ಮನುಷ್ಯರಾಗಿ ಕಾಣುತ್ತಾರೆ.

ಬರುವ ಸೋಮವಾರ ಆಕೆಯೊಂದಿಗೆ ಮತ್ತೊಮ್ಮೆ ಇಳಕಲ್ಲಿನ ಕಚೇರಿಗೆ ಹೋಗುವುದಿದೆ. ಶಾಲೆಯ ವರ್ಗಾವಣೆ ಪತ್ರವನ್ನೂ ತರಲು ಹೇಳಿದ್ದೇನೆ. ಅದರಲ್ಲಿರುವ ದಾಖಲಾತಿ ಸಂಖ್ಯೆ ನನ್ನ ಕೈಬರಹದಲ್ಲೇ ಇದೆ.